ಸುಣ್ಣದ ಬೊಟ್ಟು

ಕಡೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಚೀಟಿ ಬರೆಯುವ ಹುಡುಗಿ “ಅಜ್ಜೀ, ವಯಸ್ಸೆಷ್ಟ್ರೀ?” ಎಂದು ಕೇಳಿದಳು. “ಬರಕೋ ತಂಗಿ, ನಯೇ ಪೈಸೆ ಬಂದ ವರ್ಷ ನನ್ನ ಲಗ್ನ ಆತು. ಆವಾಗ ನನಗ ಹದಿನೈದು. ಮುಂದಿಂದು ನೀನ ಕೂಡಿಸ್ಕೋ,” ಎಂದಳು ಅವ್ವ. ಹುಡುಗಿ ನನ್ನ ಮುಖ ನೋಡಿದಳು. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ ಒಂದಕ್ಕೆ. ಬ್ಯಾಂಕಿನಲ್ಲಿ ಕೂಡಿಸಿ ಕಳೆದೇ ನಿವೃತ್ತನಾದ ನಾನು ಥಟ್ಟನೆ “ಎಂಬತ್ತೊಂದು” ಅಂದೆ. ಅವ್ವ ಒಪ್ಪಲಿಲ್ಲ. “ಎಂಬತ್ತೊಂದ? ಅಷ್ಟ ಹೆಂಗ ಆದೀತೋ? ಬಾಳೀದು ಹತ್ತು ಸೂಲು, ಅಕಿ ಮಗಳು ಚಂದ್ರೀದು ಒಂಬತ್ತು, ಚಂದ್ರೀ ಮಗಳದು…” ಎಂದು ಬೆರಳು ಮಡಿಸುತ್ತ ಕುಳಿತಳು. ನಾಲ್ಕನೆಯ ಎಮ್ಮೆಗೆ ಬರುವಷ್ಟರಲ್ಲಿ ಡಾಕ್ಟರು ಒಳಗೆ ಕರೆದರು. ಚೀಟಿಯ ಮೇಲೆ ಎಂಬತ್ತೊಂದೇ ಉಳಿಯಿತು.

ಬೆಳಗಾವಿ ಕೋಟೆಯ ಕಂದಕದಿಂದ ಒಂದು ಕೂಗಿನ ದೂರದಲ್ಲಿ ನಮ್ಮ ಮನೆ. ಮುಂದೆ ಹತ್ತು ಹೆಜ್ಜೆಯ ಪಡಸಾಲೆ, ಅದರಾಚೆ ಅಡಿಗೆಮನೆ, ಹಿಂದೆ ಮೂವತ್ತು ಹೆಜ್ಜೆ ಉದ್ದದ ಕೊಟ್ಟಿಗೆ. ಮನುಷ್ಯರು ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಮಲಗುತ್ತಿದ್ದೆವು, ಎಮ್ಮೆಗಳು ಕಾಲು ಚಾಚಿ ಮಲಗುತ್ತಿದ್ದವು. ಇದು ಅನ್ಯಾಯ ಅಂತ ನಮಗೆ ಅನ್ನಿಸಿದ್ದೇ ಇಲ್ಲ. ಗವಳಿಗಳ ಮನೆಯಲ್ಲಿ ಯಾರು ಯಾರನ್ನು ಸಾಕುತ್ತಾರೆ ಎನ್ನುವುದು ಕೂಸಿಗೂ ಗೊತ್ತಿರುತ್ತದೆ.

ಅವ್ವ ಹುಟ್ಟಿದ್ದು ಮುಂಬಯಿ ಪ್ರಾಂತ್ಯದಲ್ಲಿ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಮರುವರ್ಷ ಅವಳು ಸೊಸೆಯಾಗಿ ಬಂದಳು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 2014ರಲ್ಲಿ ಊರಿನ ಹೆಸರೂ ಸರಕಾರದ ಕಾಗದದಲ್ಲಿ ಬೆಳಗಾವಿ ಆಯಿತು. ಇಷ್ಟೆಲ್ಲ ಗಡಿ, ಹೆಸರು ಬದಲಾಗುವ ನಡುವೆ ಅವ್ವ ಮಾತ್ರ ಖಾನಾಪುರದ ಕಡೆಯಿಂದ ಬೆಳಗಾವಿಗೆ, ಬೆಳಗಾವಿಯಿಂದ ಖಾನಾಪುರದ ಕಡೆಗೆ, ಅಷ್ಟೇ ತಿರುಗಿದ್ದು. ಅದೂ ವರ್ಷಕ್ಕೆ ಒಂದೆರಡು ಸಲ, ಬೆಳಿಗ್ಗೆ ಹಿಂಡಿ ಹೋದರೆ ಸಂಜೆ ಹಿಂಡುವ ಹೊತ್ತಿಗೆ ವಾಪಸು. ತವರಿನಲ್ಲಿ ಒಂದು ರಾತ್ರಿ ಮಲಗಬೇಕೆಂದರೆ ಎಮ್ಮೆಗಳೆಲ್ಲ ಒಟ್ಟಿಗೆ ಬತ್ತಿಸಬೇಕಿತ್ತು. ಅಂಥ ಯೋಗ ಬರಲಿಲ್ಲ.

ತವರು ನಂದಗಡದ ಹತ್ತಿರದ ಒಂದು ಹಳ್ಳಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು ನಂದಗಡ. ಸಮಾಧಿಯ ಮೇಲಿನ ಆಲದ ಮರಕ್ಕೆ ಮಕ್ಕಳಾಗದವರು ತೊಟ್ಟಿಲು ಕಟ್ಟುತ್ತಾರೆ. ನಮ್ಮ ಅಮ್ಮಜ್ಜಿ ಕಟ್ಟಿದ ಒಂದು ತೊಟ್ಟಿಲಿನ ಫಲ ಅವ್ವ. “ರಾಯಣ್ಣ ಕೊಟ್ಟ ಕೂಸು” ಎಂದು ಮುದ್ದಿನಿಂದ ಬೆಳೆಸಿದರಂತೆ. ಮುದ್ದು ಅಂದರೆ ಆರನೇ ವಯಸ್ಸಿಗೆ ಕರು ಕಾಯಲು ಕಳಿಸಿದರು. ಗಾಂಧಿ ಸತ್ತ ಸುದ್ದಿ ಬಂದಾಗ ಅವಳು ಹಳ್ಳದ ದಂಡೆಯಲ್ಲಿ ಕರು ಕಾಯುತ್ತಿದ್ದಳು. ದೊಡ್ಡವರೆಲ್ಲ ಊಟ ಬಿಟ್ಟರು, ಕರುಗಳು ಬಿಡಲಿಲ್ಲ, ಅದಕ್ಕೆ ತಾನೂ ಬಿಡಲಿಲ್ಲ ಎನ್ನುತ್ತಿದ್ದಳು.

ನಂದಗಡದಿಂದ ಪಡುವಣಕ್ಕೆ ಹೋದ ಹಾಗೆ ಅಡವಿ ದಟ್ಟವಾಗುತ್ತದೆ, ಮಳೆ ಹುಚ್ಚಾಗುತ್ತದೆ. ಜಾಂಬೋಟಿ, ಕಣಕುಂಬಿಯ ಆ ಸೀಮೆಯಲ್ಲಿ ಅವಳ ಸೋದರಮಾವಂದಿರಿದ್ದರು. ಅವರು ನಮ್ಮ ಹಾಗೆ ಪೇಟೆಯ ಗವಳಿಗಳಲ್ಲ. ಎಮ್ಮೆಯ ಹಿಂದೆ ಅಡವಿಯಲ್ಲೇ ತಿರುಗುವವರು. ಹಾಲು ಹೊತ್ತು ಖಾನಾಪುರ ಮುಟ್ಟುವಷ್ಟರಲ್ಲಿ ಒಡೆದಿರುತ್ತದೆ. ಆದ್ದರಿಂದ ಬೆಣ್ಣೆ ತೆಗೆದು, ತುಪ್ಪ ಕಾಸಿ ಸಂತೆಗೆ ಒಯ್ಯುತ್ತಿದ್ದರು. ಒಂದು ಸೇರು ತುಪ್ಪಕ್ಕೆ ಹದಿನಾಲ್ಕು ಹದಿನೈದು ಸೇರು ಹಾಲು ಹೋಗುತ್ತದೆ. ತುಪ್ಪ ಕೊಳ್ಳುವ ಪೇಟೆಯವರು ಈ ಲೆಕ್ಕ ಕೇಳಿಸಿಕೊಳ್ಳುತ್ತಿರಲಿಲ್ಲ, ಮೂಸಿ ನೋಡಿ ಬೆಲೆ ಇಳಿಸುತ್ತಿದ್ದರು.

ಲಗ್ನಕ್ಕೆ ಮುಂಚೆ ಎರಡು ಮಳೆಗಾಲ ಅವ್ವ ಆ ಮಾವಂದಿರ ಜೊತೆಗಿದ್ದಳು. ಅವಳು ಬಾಯಿತುಂಬ ಹೇಳುತ್ತಿದ್ದ ಕಥೆಗಳೆಲ್ಲ ಆ ಎರಡು ಮಳೆಗಾಲದವೇ. ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಲ್ಲೇ ನಿದ್ದೆ ಮಾಡಿದ್ದು. ಮೊಣಕಾಲ ತನಕ ಜಿಗಳಿ ಹತ್ತಿದರೆ ಸುಣ್ಣ ಹಚ್ಚಿ ಬಿಡಿಸಿಕೊಂಡದ್ದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಕಡೆ ಹೊಳೆಯನ್ನು ಎಮ್ಮೆಯೊಂದು ಒಂದೇ ದಾಪಿಗೆ ದಾಟಿದ್ದು. ಒಂದು ಸಂಜೆ ಹುಲಿಯ ವಾಸನೆಗೆ ಎಮ್ಮೆಗಳೆಲ್ಲ ಮೂಗು ಎತ್ತಿ, ಕರುಗಳನ್ನು ನಡುವೆ ಹಾಕಿ, ಕೋಡು ಹೊರಗೆ ಮಾಡಿ ಸುತ್ತಗಟ್ಟಿ ನಿಂತವಂತೆ. ಆ ಸುತ್ತಿನ ಒಳಗೆ ಕರುಗಳ ಜೊತೆ ಅವ್ವನೂ ಇದ್ದಳು. “ಹುಲಿ ಕಂಡ್ತೇನವ್ವಾ?” ಎಂದು ನಾವು ಪ್ರತಿಸಲ ಕೇಳುತ್ತಿದ್ದೆವು. “ಎಲ್ಲಿ ಕಂಡೀತು? ಎಮ್ಮೀ ಕುಂಡಿ ಅಷ್ಟ ಕಂಡ್ವು,” ಎನ್ನುತ್ತಿದ್ದಳು ಪ್ರತಿಸಲವೂ.

ಆ ಸೀಮೆಯಲ್ಲಿ 2011ರಲ್ಲಿ ಭೀಮಗಡ ವನ್ಯಜೀವಿಧಾಮ ಆಯಿತು. ಹುಲಿಗೆ ಒಳ್ಳೆಯದಾಯಿತು, ಆಗಲಿ. ಆ ಮಾವಂದಿರ ಮೊಮ್ಮಕ್ಕಳಲ್ಲಿ ಒಬ್ಬ ಈಗ ಗೋವಾದ ಒಂದು ಹೋಟೆಲಿನ ಗೇಟು ಕಾಯುತ್ತಾನೆ.

ಕೋಟೆಯ ವಿಷಯಕ್ಕೆ ಬಂದರೆ, ಪುಸ್ತಕದ ಕೋಟೆ ಬೇರೆ, ಅವ್ವನ ಕೋಟೆ ಬೇರೆ. ರಟ್ಟರ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಅದರೊಳಗಿದೆ. ಅಸದಖಾನನ ಕಾಲದ ಸಫಾ ಮಸೀದಿ ಇದೆ. 1818ರಲ್ಲಿ ಮನ್ರೋ ಸಾಹೇಬ ಮೂರು ವಾರ ಮುತ್ತಿಗೆ ಹಾಕಿ ಏಪ್ರಿಲ್ 10ಕ್ಕೆ ಕೋಟೆ ಗೆದ್ದ. ಅವ್ವನ ಎಮ್ಮೆಗಳು ಅದೇ ಕಂದಕಕ್ಕೆ ದಿನಾ ಮಧ್ಯಾಹ್ನ ಒಂದು ಗುಂಡೂ ಹಾರಿಸದೆ ಇಳಿಯುತ್ತಿದ್ದವು. ದುರ್ಗಾದೇವಿ ಗುಡಿಯ ಕಡೆ ಇಳಿಜಾರು ಸಲೀಸು, ಆಚೆ ಬದಿ ಕಲ್ಲು ಜಾರುತ್ತದೆ, ಬೇಸಗೆಯಲ್ಲಿ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಗೋಡೆಯ ಬುಡದಲ್ಲಿ ಹುಲ್ಲು ಮೊದಲು ಚಿಗಿಯುತ್ತದೆ: ಇದು ಅವಳ ಕೋಟೆಯ ಇತಿಹಾಸ. ಕಮಲ ಬಸದಿಯ ಚಾವಣಿಯ ಕಲ್ಲಿನ ಕಮಲವನ್ನು ಅವಳಿಗೆ ಮೊದಲ ಸಲ ತೋರಿಸಿದವನು ನಾನು, ಅವಳಿಗೆ ಅರವತ್ತು ದಾಟಿದ ಮೇಲೆ. ಕತ್ತು ಎತ್ತಿ ಬಹಳ ಹೊತ್ತು ನೋಡಿದಳು. “ಚಲೋ ಐತಿ,” ಎಂದಳು. ಹೊರಗೆ ಬಂದು ಅಂಗಳದ ಹುಲ್ಲು ನೋಡಿ, “ಇದನ್ನ ಯಾರೂ ಕೊಯ್ಯೂದಿಲ್ಲೇನು?” ಎಂದು ಕೇಳಿದಳು.

ನಮ್ಮ ಮನೆಯಲ್ಲಿ ಇತಿಹಾಸದ ಹುಚ್ಚು ಇದ್ದದ್ದು ಆಯಿಗೆ, ಅಂದರೆ ಅಪ್ಪನ ಅವ್ವನಿಗೆ. ಸ್ವಾಮಿ ವಿವೇಕಾನಂದರು 1892ರಲ್ಲಿ ಬೆಳಗಾವಿಗೆ ಬಂದು, ಅರಣ್ಯ ಅಧಿಕಾರಿ ಹರಿಪದ ಮಿತ್ರರ ಕೋಟೆಯ ಮನೆಯಲ್ಲಿ ಒಂಬತ್ತು ದಿನ ಇದ್ದದ್ದು ಎಲ್ಲರಿಗೂ ಗೊತ್ತು. ಆ ಜಾಗದಲ್ಲಿ ಈಗ ರಾಮಕೃಷ್ಣ ಆಶ್ರಮವಿದೆ. ಆಯಿಯ ಪ್ರಶ್ನೆ ಒಂದೇ: ಒಂಬತ್ತು ದಿನ ಸ್ವಾಮಿ ಕುಡಿದ ಹಾಲು ಯಾರ ಕೊಟ್ಟಿಗೆಯದು? ಉತ್ತರವೂ ಅವಳ ಬಳಿಯೇ ಇತ್ತು. ಇನ್ನು 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು. ಅದರ ಬಗ್ಗೆ ಆಯಿಗೆ ಸಾಯುವ ತನಕ ಸಿಟ್ಟಿತ್ತು. ಗಾಂಧೀಜಿ ಆಕಳು, ಎಮ್ಮೆಯ ಹಾಲು ಬಿಟ್ಟು ಆಡಿನ ಹಾಲು ಕುಡಿಯುವವರು. “ಊರ ಮಂದಿ ಎಲ್ಲಾ ಎಮ್ಮೀ ಹಾಲ ಕುಡದು ಜೈಲಿಗೆ ಹೋದ್ರು, ಮುದುಕ ಆಡಿನ ಹಾಲು ಕುಡದು ಹೆಸರ ತಗೊಂಡ,” ಎನ್ನುತ್ತಿದ್ದಳು. ಅತ್ತೆಯ ಈ ಭಾಷಣ ನಡೆಯುವಾಗ ಅವ್ವ ಮಾತಾಡದೆ ಹತ್ತಿಕಾಳು ರುಬ್ಬುತ್ತಿದ್ದಳು. ಅವಳ ಅತ್ತೆಯ ಮುಂದೆ ಅವಳು ಒಟ್ಟು ಎಷ್ಟು ಮಾತಾಡಿರಬಹುದು ಎಂದು ಈಗ ಯೋಚಿಸಿದರೆ ನನಗೆ ಹತ್ತು ವಾಕ್ಯ ನೆನಪಿಗೆ ಬರುವುದಿಲ್ಲ.

ಬೆಳಗಿನ ಜಾವ ಮೂರೂವರೆಗೆ ಏಳುತ್ತಿದ್ದಳು. ಕಂದೀಲು ಹಿಡಿದು ಕೊಟ್ಟಿಗೆಗೆ ಹೋಗಿ ಮೊದಲು ಸಗಣಿ ಬಾಚುವುದು, ಗ್ವಾದಲಿಗೆ ಕಣಿಕಿ ಹಾಕುವುದು, ಹಿಂಡಿ ಕಲಸುವುದು. ಆಮೇಲೆ ಕೈಯನ್ನು ಒಲೆಯ ಮುಂದೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ತಣ್ಣನೆ ಕೈಗೆ ಎಮ್ಮೆ ತೊರೆ ಬಿಡುವುದಿಲ್ಲ. ಕರು ಬಿಟ್ಟು, ನಾಲ್ಕು ಗುಕ್ಕು ಕುಡಿಸಿ, ಎಳೆದು ಎಮ್ಮೆಯ ಮುಂಗಾಲಿಗೆ ಕಟ್ಟಿ, ಕೆಚ್ಚಲು ತೊಳೆದು, ಮೊಲೆಗೆ ಎರಡು ಹನಿ ತುಪ್ಪ ಸವರಿ, ಕುಕ್ಕರಗಾಲಿನಲ್ಲಿ ಕುಳಿತು ಚರಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದಳು. ಮೊದಲ ಧಾರೆ ಹಿತ್ತಾಳೆಗೆ ಬಿದ್ದಾಗ ಛಣ್ ಎನ್ನುವುದು. ಚರಿಗೆ ತುಂಬುತ್ತ ಬಂದ ಹಾಗೆ ಸದ್ದು ನೊರೆಯೊಳಗೆ ಹೂತು, ಕೊನೆಗೆ ಹತ್ತಿಯ ಮೇಲೆ ಬೆರಳಾಡಿಸಿದ ಹಾಗೆ ಆಗುವುದು. ಚಾದರದೊಳಗೆ ಮಲಗಿಕೊಂಡೇ ಯಾವ ಎಮ್ಮೆ ಇವತ್ತು ಎಷ್ಟು ಕೊಟ್ಟಿತು ಎಂದು ನಾನು ಹೇಳಬಲ್ಲವನಾಗಿದ್ದೆ. ಇದು ನನ್ನ ಮೊದಲ ಅಕೌಂಟೆನ್ಸಿ.

ಎಮ್ಮೆಯ ಮೊಲೆ ಆಕಳಿನದಕ್ಕಿಂತ ಬಿಗಿ. ಬೆರಳ ತುದಿಯಿಂದ ಎಳೆದರೆ ಬರುವುದಿಲ್ಲ, ಹೆಬ್ಬೆರಳು ಮಡಿಸಿ ಗಣ್ಣಿನಿಂದ ಒತ್ತಿ ಹಿಂಡಬೇಕು. ಅರವತ್ತು ವರ್ಷ ಹಾಗೆ ಹಿಂಡಿದವಳ ಎರಡೂ ಹೆಬ್ಬೆರಳ ಗಣ್ಣಿನ ಮೇಲೆ ಹುಣಸೆಬೀಜದಷ್ಟು ದಪ್ಪ ಜಡ್ಡು ಕಟ್ಟಿತ್ತು. ಆಧಾರ್ ಕಾರ್ಡು ಮಾಡಿಸಲು ಹೋದಾಗ ಯಂತ್ರ ಅವಳ ಹೆಬ್ಬೆರಳನ್ನು ಒಪ್ಪಲಿಲ್ಲ. ಸೋಪು ಹಚ್ಚಿ ತೊಳೆದು ಬಂದರೂ ಒಪ್ಪಲಿಲ್ಲ. ಬೆರಳಿನ ಗೆರೆಗಳೆಲ್ಲ ಎಮ್ಮೆಗಳಿಗೆ ಹೋಗಿದ್ದವು.

ಮೂರು ಮೊಲೆ ನಮಗೆ, ಒಂದು ಮೊಲೆ ಕರುವಿಗೆ: ಇದು ಅವಳ ಕಟ್ಟಳೆ. ಅಪ್ಪ ಎಷ್ಟು ಗದರಿದರೂ ಆ ನಾಲ್ಕನೆಯದಕ್ಕೆ ಕೈ ಹಾಕಲಿಲ್ಲ. ಹಾಗೆಂದು ಅವಳನ್ನು ದೇವಿ ಮಾಡುವುದು ಬೇಡ. ಕೋಣಗರು ಹುಟ್ಟಿದರೆ ಅವಳ ಮುಖವೂ ಸಣ್ಣದಾಗುತ್ತಿತ್ತು. ಕೆಲವು ತಿಂಗಳಿಗೆ ಯಾರೋ ಬಂದು ಹಗ್ಗ ಹಿಡಿದು ಒಯ್ಯುತ್ತಿದ್ದರು. ಎಲ್ಲಿಗೆ ಎಂದು ನಾವು ಕೇಳುತ್ತಿರಲಿಲ್ಲ. ಆ ದಿನ ಅವಳು ಅಡಿಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ, ಅಷ್ಟೇ.

ಹಾಲಿಗೆ ನೀರು ಬೆರೆಸುತ್ತಿರಲಿಲ್ಲ ಎಂದು ಮಗನಾದವನು ಬರೆಯಬೇಕು. ಬೆರೆಸುತ್ತಿದ್ದಳು, ಚೈತ್ರ ವೈಶಾಖದಲ್ಲಿ, ಮೂವತ್ತು ಮನೆಗೆ ಹಾಲು ಸಾಲದಾದಾಗ. ಆದರೆ ಅದಕ್ಕೂ ಒಂದು ಮರ್ಯಾದೆ ಇತ್ತು. ಹಸುಗೂಸಿದ್ದ ಮನೆಗೆ, ಬೇನೆಬಿದ್ದವರ ಮನೆಗೆ ಗಟ್ಟಿ ಹಾಲು. ಚಹಾಕ್ಕೆ ತೆಗೆದುಕೊಳ್ಳುವವರಿಗೆ ತೆಳು. ಕ್ಯಾಂಪಿನ ಒಬ್ಬ ನಿವೃತ್ತ ಸುಬೇದಾರರು ಡಿಗ್ರಿ ನೋಡುವ ಗಾಜಿನ ಕೊಳವೆ ತಂದು ಹಾಲಿನಲ್ಲಿ ತೇಲಿಸಿ, “ಏನವ್ವಾ ಇದು?” ಎಂದು ಕೇಳಿದ್ದರು. ಅವ್ವ ಕಣ್ಣು ಮಿಟುಕಿಸದೆ, “ಎಮ್ಮಿ ನಿನ್ನಿ ಕಂದಕದಾಗ ಬಾಳ ಹೊತ್ತ ನಿಂತಿತ್ರೀ,” ಎಂದಳು. ಸುಬೇದಾರರು ನಕ್ಕರು. ಆ ನಗುವಿನ ಮೇಲೆ ಮತ್ತೆ ಹನ್ನೆರಡು ವರ್ಷ ಅವರಿಗೆ ಹಾಲು ಹಾಕಿದೆವು.

ಅಪ್ಪನದು ಸೈಕಲ್ಲಿನ ಕೆಲಸ, ಮತ್ತು ತಾಲೀಮಿನ ಶೋಕಿ. ನಸುಕಿನಲ್ಲಿ ಅಖಾಡಾದಲ್ಲಿ ಮಣ್ಣು ಮೆತ್ತಿಕೊಂಡು ಬಂದು, ಕರೆದ ಬಿಸಿಯಲ್ಲೇ ಒಂದು ಸೇರು ಹಾಲು ಎತ್ತಿ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಒಂದೂ ದೊಡ್ಡ ಕುಸ್ತಿ ಗೆಲ್ಲಲಿಲ್ಲ. ಅವನ ಹೆಸರಿನಲ್ಲೂ ಗೋಡೆಯ ಮೇಲೆ ಲೆಕ್ಕವಿತ್ತು.

ಆ ಗೋಡೆಯ ವಿಷಯ ಹೇಳಬೇಕು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಕೊಟ್ಟಿಗೆಯ ಬಡಗಣ ಗೋಡೆ ಮಣ್ಣಿನದು, ಸಗಣಿ ಸಾರಿಸಿದ್ದು. ಅದರ ಮೇಲೆ ಮೂವತ್ತು ಮನೆಗಳಿಗೆ ಮೂವತ್ತು ಸಾಲು. ಒಂದು ಸೇರಿಗೆ ಸುಣ್ಣದ ಒಂದು ಬೊಟ್ಟು, ಅಚ್ಚೇರಿಗೆ ಒಂದು ಅಡ್ಡಗೀಟು, ಪಾವುಸೇರಿಗೆ ಉಗುರಿನಷ್ಟು ಗೀರು. ಸೇರು ಹೋಗಿ ಲೀಟರು ಬಂದಾಗಲೂ ಬೊಟ್ಟು ಬೊಟ್ಟಾಗಿಯೇ ಉಳಿಯಿತು. ಹೆಸರು ಬರೆಯಲು ಬಾರದ್ದಕ್ಕೆ ಪ್ರತಿ ಸಾಲಿನ ತಲೆಗೆ ಒಂದು ಗುರುತು. ಮಾಸ್ತರರ ಮನೆಗೆ ಎರಡು ಸೊನ್ನೆ ಸೇರಿಸಿದ ಚಾಳೀಸು. ಟೇಲರನಿಗೆ ಕತ್ತರಿ. ಸುಬೇದಾರರಿಗೆ ಮೀಸೆ. ಕುಂದಾ ಮಾಡುವ ಮಿಠಾಯಿಯವರಿಗೆ ಒಲೆ; ಅವರ ಸಾಲಿನಲ್ಲಿ ಬೊಟ್ಟುಗಳು ಇರುವೆ ಸಾಲಿನ ಹಾಗೆ, ಯಾಕೆಂದರೆ ಒಂದು ಕಿಲೋ ಖವಾಕ್ಕೆ ಐದು ಲೀಟರು ಹಾಲು ಬೇಕು, ಖವಾ ಇಲ್ಲದೆ ಕುಂದಾ ಇಲ್ಲ. ತಿಂಗಳಾದರೂ ರೊಕ್ಕ ಕೊಡದ ಒಬ್ಬ ಬಾಯಿಯವರಿಗೆ ಕೀಲಿಕೈ ಗೊಂಚಲು. ಅಪ್ಪನಿಗೆ ಲಂಗೋಟಿ.

ಮಕ್ಕಳು ಶಾಲೆ ಕಲಿತ ಮೇಲೆ ನಾವೊಂದು ವಹಿ ಮಾಡಿದೆವು. ತಿಂಗಳ ಕೊನೆಗೆ ವಹಿ, ಗೋಡೆ ಎರಡನ್ನೂ ತಾಳೆ ನೋಡಿದರೆ ತಪ್ಪು ಯಾವಾಗಲೂ ವಹಿಯದೇ. ದೀಪಾವಳಿಗೆ ಗೋಡೆ ಹೊಸದಾಗಿ ಸಾರಿಸುತ್ತಿದ್ದಳು. ವಸೂಲಾಗದ ಬೊಟ್ಟುಗಳೆಲ್ಲ ಸಗಣಿಯ ಕೆಳಗೆ ಹೋಗುತ್ತಿದ್ದವು. ಅಪ್ಪನಿಗೆ ಹೊಟ್ಟೆ ಉರಿ. ಅವ್ವನಿಗೆ ಮಾತ್ರ ಕೆಳಗಿನದೆಲ್ಲ ನೆನಪಿರುತ್ತಿತ್ತು ಎಂದು ನನ್ನ ಅನುಮಾನ. ಕೀಲಿಕೈ ಬಾಯಿಯವರ ಮನೆಯ ಮದುವೆಗೆ ಮುಯ್ಯಿ ಹಾಕುವಾಗ, “ಅವರದು ನಮ್ಮ ಕಡೆ ಹೋದ್ಸಲದ್ದ ಐತಿ,” ಎಂದು ಬರಿ ಕುಂಕುಮದಲ್ಲಿ ಮುಗಿಸಿ ಬಂದಳು.

ನಮ್ಮ ಗಲ್ಲಿಯಲ್ಲಿ ಮನುಷ್ಯರಿಗೆ ಎರಡು ಭಾಷೆ. ಎಮ್ಮೆಗಳಿಗೂ ಎರಡೇ. ಮೇಯಲು ಹೊಡೆಯುವಾಗ ಅವ್ವ ಮರಾಠಿಯಲ್ಲಿ ಕರೆಯುತ್ತಿದ್ದಳು, ಒದ್ದರೆ ಕನ್ನಡದಲ್ಲಿ ಬೈಯುತ್ತಿದ್ದಳು. ನೆರೆಯ ಕಾಕೂನ ಎಮ್ಮೆಗಳಿಗೆ ಇದು ಉಲ್ಟಾ. ಗಡಿ ಗಲಾಟೆಯ ದಿನಗಳಲ್ಲಿ ಬಂದ್ ಆದರೂ ಹಾಲು ನಿಲ್ಲುವಂತಿರಲಿಲ್ಲ. ಒಂದು ಸಲ ಅಪ್ಪ ಜ್ವರ ಬಂದು ಮಲಗಿದ್ದ. ಅವ್ವ ತಲೆಯ ಮೇಲೆ ಕೊಡ ಹೊತ್ತು ನಡೆದಳು. ಚೌಕದಲ್ಲಿ ಹುಡುಗರು ಕಲ್ಲು ಹಿಡಿದು ನಿಂತಿದ್ದರು. ಯಾರ ಕಡೆಯವರು ಎನ್ನುವುದು ನನಗೆ ಈಗಲೂ ಮುಖ್ಯವಲ್ಲ, ಆಗ ಅವ್ವನಿಗೂ ಆಗಿರಲಿಲ್ಲ. ಒಬ್ಬ ಅಡ್ಡ ಬಂದ. ಅವ್ವ ಅವನ ಮುಖ ನೋಡಿ, “ನೀ ಕತ್ತರಿ ಮನಿ ಹುಡುಗ ಅಲ್ಲೇನೋ? ನಿಮ್ಮವ್ವಗ ಹೇಳು, ಎಂಟು ದಿನದ್ದು ಬಾಕಿ ಐತಿ,” ಎಂದಳು. ಹುಡುಗ ಕಲ್ಲು ಹಿಂದೆ ಮರೆಮಾಡಿ ದಾರಿ ಬಿಟ್ಟ.

ಹಡೆದದ್ದು ಐದು, ಉಳಿದದ್ದು ನಾಲ್ಕು. ಮೂರನೆಯದು ಹೆಣ್ಣು, ನಲವತ್ತು ದಿನದ್ದು, ಮಳೆಗಾಲದಲ್ಲಿ ಹೋಯಿತು. ಅವ್ವ ಇದನ್ನು ನಮಗೆ ಎಂದೂ ಹೇಳಲಿಲ್ಲ. ಬಹಳ ವರ್ಷಗಳ ನಂತರ ಸೋದರತ್ತೆ ಹೇಳಿದಳು. ಮಧ್ಯಾಹ್ನ ಮಣ್ಣು ಮಾಡಿ ಬಂದರು. ಸಂಜೆಗೆ ಅವ್ವನ ಎದೆ ಬಿಗಿದು ಕಲ್ಲಾಯಿತು. ಹಿತ್ತಲಿಗೆ ಹೋಗಿ ಬಟ್ಟಲಿಗೆ ಹಿಂಡಿ, ಯಾರೂ ತುಳಿಯದ ಹಾಗೆ ಕರಿಬೇವಿನ ಬುಡಕ್ಕೆ ಹಾಕಿದಳು. ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚರಿಗೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಆಯಿ ಬಾಗಿಲಲ್ಲಿ ನಿಂತು, “ಇವತ್ತ ಬ್ಯಾಡ, ನಾ ಹಿಂಡ್ತೀನಿ,” ಎಂದಳಂತೆ. ಅವ್ವ ಬದಿಗೆ ಸರಿದು ಒಳಗೆ ಹೋದಳು. ಆ ಸಂಜೆಯ ಬೊಟ್ಟುಗಳು ಮೂವತ್ತು ಸಾಲಿನಲ್ಲಿಯೂ ಇದ್ದವು ಎಂದಳು ಅತ್ತೆ. ಒಂದೂ ತಪ್ಪಿರಲಿಲ್ಲ.

ಪಾಕೀಟಿನ ಹಾಲು ಬಂದದ್ದು ಒಂದೇ ದಿನ ಅಲ್ಲ. 1974ರಲ್ಲಿ ರಾಜ್ಯದಲ್ಲಿ ಹಾಲಿನ ನಿಗಮ ಆಯಿತು, ಹತ್ತು ವರ್ಷಕ್ಕೆ ಮಹಾಮಂಡಳ ಆಯಿತು, ಮತ್ತೆ ಕೆಲವು ವರ್ಷಕ್ಕೆ ನಮ್ಮ ಗಲ್ಲಿಯ ಬಾಯಿಯಲ್ಲೇ ನಂದಿನಿಯ ನೀಲಿ ಕ್ರೇಟುಗಳು. ಹ್ಯಾಂವು ಕಟ್ಟುವುದು ಅವಳ ಸ್ವಭಾವವಲ್ಲ. ಒಂದು ಪಾಕೀಟು ತರಿಸಿ, ಕತ್ತರಿಸಿ, ಬೋಗೋಣಿಗೆ ಸುರಿದು ಮೂಸಿದಳು. “ನಾರೂದಿಲ್ಲ, ಚಲೋನ ಐತಿ. ಆದ್ರ ಯಾವ ಎಮ್ಮೀದು?” ಎಂದು ಕೇಳಿದಳು. ಸಾವಿರ ಎಮ್ಮೆ, ಸಾವಿರ ಆಕಳ ಹಾಲು ಕೂಡಿಸಿದ್ದು ಎಂದೆ. ಸಾವಿರ ಮನೆಯ ಅನ್ನ ಒಂದೇ ತಾಟಿನಲ್ಲಿ ಬಡಿಸಿದ ಹಾಗೆ ಮುಖ ಮಾಡಿದಳು. ಗೋಡೆಯ ಮೇಲೆ ಚಾಳೀಸು ಹೋಯಿತು, ಮೀಸೆ ತೀರಿಕೊಂಡಿತು, ಕತ್ತರಿಯ ಮಗ ಪುಣೆಗೆ ಹೋದ. ಮೂವತ್ತು ಸಾಲು ಹದಿನಾಲ್ಕಾಯಿತು, ಆಮೇಲೆ ಆರು. ಎಮ್ಮೆಗಳೂ ಹಾಗೇ ಇಳಿದು ಎರಡಾದವು. ಅದಕ್ಕೆ ನಾವೇ ಕಾರಣ. ನಾಲ್ಕೂ ಮಕ್ಕಳು ಕಲಿತೆವು, ಯಾರ ಹೆಬ್ಬೆರಳಿಗೂ ಜಡ್ಡು ಬರಲಿಲ್ಲ. ಶಾಲೆಯಲ್ಲಿ ಪಕ್ಕದವನು ಮೂಗು ಮುಚ್ಚಿಕೊಂಡ ಎಂದು ಒಮ್ಮೆ ನಾನು ಅತ್ತು ಬಂದಾಗ, ಅಂಗಿಯನ್ನು ಎರಡು ಸಲ ಒಗೆದು, ಕೊಟ್ಟಿಗೆಯ ಹಗ್ಗದ ಮೇಲೆ ಒಣಹಾಕದೆ ಕಾಕೂನ ಮಾಳಿಗೆಯ ಮೇಲೆ ಹಾಕಿದಳು. ಅಂದಿನಿಂದ ನನ್ನ ಶಾಲೆಯ ಬಟ್ಟೆ ಒಣಗಿದ್ದು ಬೇರೆಯವರ ಮಾಳಿಗೆಯ ಮೇಲೇ.

2019ರ ಆಗಸ್ಟಿನ ಮಳೆ ಬೆಳಗಾವಿಯವರು ಯಾರೂ ಮರೆಯುವ ಹಾಗಿಲ್ಲ. ಜಿಲ್ಲೆಯ ತುಂಬ ಮಣ್ಣಿನ ಮನೆಗಳು ಕುಳಿತುಬಿಟ್ಟವು. ನಾನು ಎರಡು ರಾತ್ರಿಯಿಂದ ಅವ್ವನನ್ನು ನನ್ನ ಫ್ಲ್ಯಾಟಿಗೆ ಬಾ ಎಂದು ಕರೆಯುತ್ತಿದ್ದೆ. “ಅಕಿನ್ನ ಮೂರನೇ ಮಾಳಿಗಿ ಹತ್ತಿಸ್ತೀಯೇನು?” ಎಂದು ಎಮ್ಮೆಯ ಕಡೆ ಕೈ ಮಾಡುತ್ತಿದ್ದಳು. ಮೂರನೆಯ ದಿನ ಬೆಳಗಾಗುವಾಗ ಬಡಗಣ ಗೋಡೆ ಹೊರಮುಖವಾಗಿ ಕುಸಿಯಿತು. ಎಮ್ಮೆಗೆ ಏನೂ ಆಗಲಿಲ್ಲ. ನಾನು ಹೋದಾಗ ಅವ್ವ ಕೊಪ್ಪೆ ಹಾಕಿಕೊಂಡು ಮಣ್ಣಿನ ಗುಡ್ಡೆಯ ಮುಂದೆ ನಿಂತಿದ್ದಳು. ಹೆಂಟೆಗಳು ಒಡೆದ ಕಡೆ ಪದರು ಪದರಾಗಿ ಸಗಣಿ, ಅದರ ನಡುವೆ ಬಿಳಿ ಬೊಟ್ಟು, ಮತ್ತೆ ಸಗಣಿ, ಮತ್ತೆ ಬೊಟ್ಟು. ಒಂದು ಹೆಂಟೆಯಲ್ಲಿ ಅರ್ಧ ಕತ್ತರಿ ಕಂಡಿತು. ಮಳೆಯ ನೀರು ಸುಣ್ಣವನ್ನು ತೊಳೆದು ಹಾಲಿನ ಬಣ್ಣದಲ್ಲಿ ಗಟಾರಕ್ಕೆ ಹರಿಯುತ್ತಿತ್ತು. ಅವ್ವ ಸ್ವಲ್ಪ ಹೊತ್ತು ನೋಡಿ, “ಹೋಗ್ಲಿ. ಎಲ್ಲಾರದೂ ಫಿಟ್ಟಾತು,” ಎಂದಳು. ಬಾಕಿ ತೀರಿತು ಎನ್ನಲು ನಮ್ಮ ಕಡೆ ಹಾಗೆ ಅನ್ನುತ್ತೇವೆ.

ಅಲ್ಲಿ ನಾನು ಸಿಮೆಂಟಿನ ಗೋಡೆ ಕಟ್ಟಿಸಿದೆ. ಅದಕ್ಕೆ ಅವಳು ಒಂದು ಬೊಟ್ಟೂ ಇಡಲಿಲ್ಲ.

ಕೊನೆಗೆ ಉಳಿದವಳು ಒಬ್ಬಳೇ, ಬಾಳಿಯ ವಂಶದವಳು. ಅವಳ ಹೆಸರೂ ಬಾಳಿಯೇ. ಅರ್ಧಚಂದ್ರದ ಹಾಗೆ ಹಿಂದಕ್ಕೆ ಬಾಗಿ ಹೆಗಲಿಗೆ ತಾಗುವ ಕೋಡು, ದಿನಕ್ಕೆ ಮೂರು ಮೂರೂವರೆ ಲೀಟರು ಹಾಲು, ಮೇಲೆ ಬೆರಳು ದಪ್ಪದ ಕೆನೆ. 2021ರಲ್ಲಿ ಈ ಎಮ್ಮೆಗಳನ್ನು ಧಾರವಾಡಿ ತಳಿ ಎಂದು ಕೇಂದ್ರದ ಸಂಸ್ಥೆ ನೋಂದಾಯಿಸಿತು. ಪತ್ರಿಕೆಯಲ್ಲಿ ಓದಿ, ಓಡೋಡಿ ಹೋಗಿ ಹೇಳಿದೆ: “ಅವ್ವಾ, ನಿನ್ನ ಎಮ್ಮಿಗೆ ಸರಕಾರ ಹೆಸರ ಇಟ್ಟೈತಿ.” ಅವ್ವ ಉಣ್ಣಿ ಆರಿಸುತ್ತಿದ್ದಳು. ತಲೆ ಎತ್ತದೆ, “ಅಕಿಗೆ ಹೆಸರ ಇಲ್ಲಾಂತ ಯಾರ ಅಂದ್ರು?” ಎಂದಳು.

2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಆ ಹೆಚ್ಚಿನ ತಿಂಗಳಲ್ಲಿ ಒಂದು ದಿನ, ಜಾವದ ಹೊತ್ತಿಗೆ, ಅವ್ವ ಏಳಲಿಲ್ಲ.

ಎಮ್ಮೆ ಬೇರೆಯವರಿಗೆ ಹಾಲು ಕೊಡುವುದಿಲ್ಲ, ಕಣ್ಣೀರು ಹಾಕುತ್ತದೆ ಎಂದು ನೆರೆದವರೆಲ್ಲ ಹೇಳಿದರು. ಆ ಸಂಜೆ ನನ್ನ ಹೆಂಡತಿ ಅವ್ವನ ಹಳೆಯ ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ಕೈ ಬಿಸಿ ಮಾಡಿಕೊಂಡು ಹೋಗಿ ಕುಳಿತಳು. ಬಾಳಿ ಒಂದು ಸಲ ಮೂಸಿ, ಸೀರೆಗೆ ಒದ್ದಳು. ಗಲ್ಲಿಯ ತುದಿಯ ಒಬ್ಬ ಹುಡುಗ, ಮಾತೇ ಆಡದವನು, ಪ್ಯಾಂಟು ಮಡಚಿಕೊಂಡು ಬಂದು ಗ್ವಾದಲಿಗೆ ಎರಡು ಬೊಗಸೆ ಹೆಚ್ಚು ಹಿಂಡಿ ಹಾಕಿದ. ಬಾಳಿ ತೊರೆ ಬಿಟ್ಟಳು. ಪೂರ್ತಿ ಮೂರು ಲೀಟರು. ನನಗೆ ಆ ಎಮ್ಮೆಯ ಮೇಲೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾವ ಮನುಷ್ಯನ ಮೇಲೂ ಬಂದಿರಲಿಲ್ಲ. ಎಂಟು ದಿನ ಅವಳ ಮುಖ ನೋಡಲಿಲ್ಲ. “ಹಸಿದೈತಿ, ತಿಂದೈತಿ, ಕೊಟ್ಟೈತಿ. ಅತ್ತಿ ಇದ್ದಿದ್ರ ಅದನ್ನ ಅಂತಿದ್ರು,” ಎಂದಳು ಹೆಂಡತಿ.

ಬಾಳಿಯನ್ನು ಮಾರಿಬಿಡಬೇಕೆಂದು ನಿಶ್ಚಯವಾಯಿತು. ದೀಪಾವಳಿ ಮುಗಿಯಲಿ ಎಂದರು ತಮ್ಮಂದಿರು.

ಬೆಳಗಾವಿಯ ಗವಳಿಗಳಿಗೆ ದೀಪಾವಳಿ ಎಂದರೆ ಪಾಡ್ಯ. ಎಮ್ಮೆಗಳ ಮೈ ಬೋಳಿಸಿ, ಎಣ್ಣೆ ತಿಕ್ಕಿ, ಕೋಡಿಗೆ ಬಣ್ಣ ಬಳಿದು, ನವಿಲುಗರಿ ಕಟ್ಟಿ, ಕೊರಳಿಗೆ ಕವಡೆಯ ಸರ ಹಾಕಿ ಬೀದಿಗೆ ತರುತ್ತಾರೆ. ಸೈಲೆನ್ಸರ್ ತೆಗೆದ ಮೋಟಾರುಸೈಕಲ್ಲಿನ ಮೇಲೆ ಯಜಮಾನ ಮುಂದೆ, ಅವನ ದನಿ ಹಿಡಿದು ಎಮ್ಮೆ ಹಿಂದೆ. ನೋಡಲು ಊರೇ ಕಟ್ಟೆ ಹತ್ತಿ ನಿಲ್ಲುತ್ತದೆ. ಅಪ್ಪನ ಕಾಲದಲ್ಲಿ ಮೋಟಾರುಸೈಕಲ್ ಇರಲಿಲ್ಲ, ಅಪ್ಪನೇ ಓಡುತ್ತಿದ್ದ. ಬದುಕಿನಲ್ಲಿ ಅವನು ಗೆದ್ದ ಕುಸ್ತಿ ಅದೊಂದೇ. ಅವ್ವ ಬೆಳಿಗ್ಗೆ ಹೊಸ್ತಿಲಲ್ಲಿ ಸಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಕ್ಕಿಸಿ ಕೂಡಿಸುತ್ತಿದ್ದಳು. ಸಂಜೆ ಓಡಿ ಬಂದ ಎಮ್ಮೆಯ ಕಾಲಿಗೆ ನೀರು ಹಾಕಿ ಆರತಿ ಎತ್ತುತ್ತಿದ್ದಳು.

ಆ ವರ್ಷ ನಮಗೆ ಹಬ್ಬವಿಲ್ಲ. ನವೆಂಬರಿನ ಆ ಪಾಡ್ಯದ ದಿನ ಬಾಗಿಲು ಅರ್ಧ ಮುಚ್ಚಿ ಕುಳಿತಿದ್ದೆವು. ಬಾಳಿಯ ಕೋಡಿಗೆ ಬಣ್ಣವಿಲ್ಲ, ಕೊರಳಿಗೆ ಸರವಿಲ್ಲ. ಮೂರರ ಸುಮಾರಿಗೆ ಗಲ್ಲಿಯ ತುದಿಯಲ್ಲಿ ಹಲಗೆ ಶುರುವಾಯಿತು, ಸೈಲೆನ್ಸರುಗಳು ಗುಡುಗಿದವು. ಕೊಟ್ಟಿಗೆಯಲ್ಲಿ ಏನೋ ಕಿತ್ತ ಸದ್ದು. ನಾನು ಏಳುವಷ್ಟರಲ್ಲಿ ಬಾಳಿ ಕಣ್ಣಿ ಹರಿದುಕೊಂಡು, ಹಗ್ಗದ ತುಂಡು ಎಳೆದುಕೊಂಡು ಬೀದಿಗೆ ಬಿದ್ದಿದ್ದಳು. ಗರಿ, ಗೆಜ್ಜೆ, ಬಣ್ಣಗಳ ಹಿಂಡಿನ ನಡುವೆ ಬರಿ ಮೈಯ ಕರಿ ಎಮ್ಮೆಯೊಂದು ಬಾಲ ಎತ್ತಿಕೊಂಡು ಓಡುವುದು ತಿರುವಿನ ತನಕ ಕಂಡಿತು. ಮುಂದೆ ಯಾರ ದನಿ ಹಿಡಿದು ಓಡುತ್ತಿದ್ದಳೋ. ನಾನು ಚಪ್ಪಲಿ ಹುಡುಕುತ್ತ ನಿಂತೆ.

ಹುಡುಕಲು ಹೋದವರಿಗೆ ಸಿಗಲಿಲ್ಲ. ಕೋಟೆ ಕೆರೆಯ ತನಕ, 2018ರಲ್ಲಿ ನಿಲ್ಲಿಸಿದ 110 ಮೀಟರಿನ ಧ್ವಜಕಂಬದ ತನಕ ಹೋಗಿ ನೋಡಿದೆ. ಕಂದಕದ ದುರ್ಗಾ ಗುಡಿಯ ಬದಿಗೂ ಇಣುಕಿದೆ. ದೀಪ ಹಚ್ಚುವ ಹೊತ್ತಿಗೆ ಸೋತು ಮನೆಗೆ ಬಂದರೆ, ಬಾಳಿ ನಮ್ಮ ಬಾಗಿಲ ಮುಂದೆ ನಿಂತಿದ್ದಳು. ಬಾಯಿಯಲ್ಲಿ ನೊರೆ, ಹೊಟ್ಟೆಯ ತನಕ ಕೆಸರು. ಓಡುವ ಗದ್ದಲದಲ್ಲಿ ಯಾರೋ ಹುಡುಗರು ಎಡಗೋಡಿಗೆ ಕೆಂಪು ಬಣ್ಣ ಬಳಿದುಬಿಟ್ಟಿದ್ದರು. ಬಲಗೋಡು ಕರಿಯಾಗಿಯೇ ಇತ್ತು. ಒಳಗೆ ಹೋಗು ಎಂದು ಬೆನ್ನಿಗೆ ಹೊಡೆದರೂ ಕದಲಲಿಲ್ಲ. ಹೊಸ್ತಿಲ ಕಡೆ ಮುಖ ಮಾಡಿ ನಿಂತೇ ಇದ್ದಳು.

ಹೆಂಡತಿ ಒಳಗಿನಿಂದ ಚರಿಗೆಯಲ್ಲಿ ನೀರು ತಂದು ನಾಲ್ಕೂ ಕಾಲಿಗೆ ಹಾಕಿದಳು. ಆರತಿ ಇಲ್ಲ. ಬಾಳಿ ಆಮೇಲೆ ತಾನಾಗಿಯೇ ಒಳಗೆ ನಡೆದಳು.

“ಕೋಡಿಂದು ಒರಸ್ಲೇನ್ರೀ? ಸೂತಕದ ಮನಿ,” ಎಂದಳು ಹೆಂಡತಿ, ಸೀಮೆಎಣ್ಣೆಯ ಬಟ್ಟೆ ಕೈಯಲ್ಲಿ ಹಿಡಿದು.

“ಇರ್ಲಿ ಬಿಡು,” ಎಂದೆ.